ಗಾಜಿನ ಹಿಂದಿನ ಲಾಂಛನ

ನಮ್ಮ ವಿಶ್ವವಿದ್ಯಾಲಯದಲ್ಲಿ ಅಂಧ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಕಲಿಸುವ ಕೇಂದ್ರಕ್ಕೊಂದು ಲಾಂಛನ ಬೇಕಾಗಿತ್ತು. ಕುಷ್ಟಗಿಯಿಂದ ಬರುತ್ತಿದ್ದ, ಕಣ್ಣು ಕಾಣದ ಶಿಕ್ಷಕರು ನಾನು ಬಿಡಿಸಿ ವಿವರಿಸಿದ ಪ್ರತಿ ಚಿತ್ರಕ್ಕೂ ಒಂದೇ ಮಾತು ಹೇಳುತ್ತಿದ್ದರು: "ಕೈಗೆ ಸಿಗಬೇಕ್ರಿ." ಬಾಗಿಲ ಪಕ್ಕ ಉಬ್ಬು ಲಾಂಛನವಿದ್ದರೆ ತಾವೂ ಹುಡುಗರೂ ಯಾರನ್ನೂ ಕೇಳದೆ ಕೋಣೆ ಗುರುತಿಸಬಹುದು ಎಂಬುದು ಅವರ ಆಸೆ.

ಕಿನ್ನಾಳದ ಕುಶಲಕರ್ಮಿಗಳಿಂದ ಅದನ್ನು ಕಟ್ಟಿಗೆಯಲ್ಲಿ ಕೆತ್ತಿಸಿದೆವು. ಶಿಕ್ಷಕರು ಅಂಚಿನುದ್ದಕ್ಕೂ ಹೆಬ್ಬೆರಳು ಸರಿಸಿ ನೋಡಿದರು.

ಉದ್ಘಾಟನೆಯ ದಿನ ಅದು ಗಾಜಿನ ಚೌಕಟ್ಟಿನಲ್ಲಿ, ಹಾರ ಹಾಕಿಸಿಕೊಂಡು, ಕುಲಪತಿಗಳ ಕೋಣೆಯ ಗೋಡೆಯ ಮೇಲಿತ್ತು.

"ಎಲ್ಲಾರೂ ಮುಟ್ಟಿದ್ರ ಹೊಲಸಾಗ್ತೈತ್ರಿ ಮಾಸ್ತರ," ಎಂದರು ಕುಲಪತಿಗಳು.

ಶಿಕ್ಷಕರು ಗಾಜಿನ ಮೇಲೆ ಅಂಗೈ ಆಡಿಸಿದರು. "ಭಾಳ ನುಣ್ಣಗೈತ್ರಿ."

ಆಗ ಶಿಕ್ಷಕರು ನಕ್ಕಿದ್ದರೇ? ಆ ನಗುವನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ನನ್ನ ಮೊಣಕೈ ಹಿಡಿದದ್ದು ಮಾತ್ರ ಖಚಿತ.

"ನಡ್ರಿ ಸರ್, ನಮ್ಮ ಖೋಲಿತನಕ ಬಿಟ್ಟು ಬರ್ರಿ."