ಇಲಿ ತಿಂದ ಸನದಿಗೆ ಆಯಿಯ ಸಾಕ್ಷಿ

ಆಯಿಯ ಕಿವಿಯ ತೂತುಗಳು ಕಿರುಬೆರಳು ತೂರುವಷ್ಟು ದೊಡ್ಡವಿದ್ದವು. ಬಂಗಾರ ಎಂದೋ ಹೋಗಿತ್ತು. ಅದರ ಜಾಗದಲ್ಲಿ ಎಡಕ್ಕೊಂದು ಬೇವಿನ ಕಡ್ಡಿ, ಬಲಕ್ಕೊಂದು ತಂಬಾಕಿನ ಸುರುಳಿ. ಸರಸಂಬಾದ ಹತ್ತಿರ ನಮ್ಮ ಮನೆಯ ಹಿಂದಿನಿಂದಲೇ ನಮ್ಮ ಹೊಲ, ಅದಕ್ಕೆ ಹತ್ತಿಕೊಂಡು ಆಕೆಯ ಹೊಲ. ಬಳಗವಲ್ಲ, ಬರೀ ನೆರೆ. ಆದರೆ ಊರಿಗೆಲ್ಲ ಆಕೆಯೇ ಅಜ್ಜಿ, ಆಯಿ.

ನಿಜಾಮರ ಕಾಲ. ಹೈದರಾಬಾದಿನಲ್ಲಿ ಅರೆಹೊಟ್ಟೆ ಉಂಡು ಬಿ.ಎ. ಮುಗಿಸಿ ಬಂದೆ. ನಮ್ಮ ಮನೆತನದಲ್ಲಿ ಅದಕ್ಕೂ ಮೊದಲು ಹೆಬ್ಬೆಟ್ಟು ಬಿಟ್ಟರೆ ಬೇರೆ ಸಹಿ ಇರಲಿಲ್ಲ. ಅಪ್ಪ ನನ್ನ ಪದವಿಯ ಸನದನ್ನು ತಲೆಕೆಳಗಾಗಿ ಹಿಡಿದು ಊರಿಗೆಲ್ಲ ತೋರಿಸಿದ. ಆಮೇಲೆ ಒಡವೆಯ ಹಾಗೆ ಬಟ್ಟೆಯಲ್ಲಿ ಸುತ್ತಿ ಜೋಳದ ಕಣಜದೊಳಗೆ ಹುಗಿದ. ನಮ್ಮಲ್ಲಿ ಕಣಜವೇ ತಿಜೋರಿ.

ನೌಕರಿ ಮಾತ್ರ ಬರಲಿಲ್ಲ. ಎರಡು ಹೊಲಗಳ ನಡುವಿನ ಬದುವಿನಲ್ಲಿ ಹಳೆಯ ಜಾಲಿಯಿತ್ತು, ಅದರ ಪೊಟರೆಯಲ್ಲಿ ಗೂಗೆಗಳ ಜೋಡಿ. ಆ ಅಪಶಕುನವೇ ನೌಕರಿ ತಡೆದಿದೆ ಎಂದು ಅಪ್ಪ ತೀರ್ಮಾನಿಸಿದ.

ಗಿಡ ಕಡಿಯುವ ದಿನ ಆಯಿ ಬದುವಿನ ಮೇಲೆ ಕೂತೇಬಿಟ್ಟಳು.

"ಏ ತಮ್ಮಾ, ಗೂಗಿ ನೌಕರಿ ತಿಂತದೇನೋ? ಅದು ಇಲಿ ತಿಂತದ. ಬಿ.ಎ. ಓದೀದಿ, ನಿಮ್ಮಪ್ಪಗ ಹೇಳಬಾರ್ದೇನು?"

ಹೇಳಲಿಲ್ಲ. ಹೇಳುವುದಿರಲಿ, ಕೊಡಲಿ ಹಿಡಿದವನೇ ನಾನು.

ಗೂಗೆಗಳು ಹಾರಿಹೋದವು. ಬುಡದ ಹುತ್ತವನ್ನೂ ಅಗೆದು ಬಿತ್ತಿದೆವು, ಹಾವುಗಳೂ ಹೋದವು. ಮುಂದಿನ ಸುಗ್ಗಿಗೆ ಇಲಿಗಳು ಬಂದವು. ನೆಂಟರಾದರೂ ಹೋಗುವ ದಿನ ಹೇಳುತ್ತಾರೆ. ಇವು ಸಂಸಾರವನ್ನೇ ಹೂಡಿದವು. ತೆನೆ ತಿಂದವು, ನನ್ನ ಚಪ್ಪಲಿ ತಿಂದವು, ಅಪ್ಪನ ರುಮಾಲಿನಲ್ಲಿ ಮರಿ ಹಾಕಿದವು. ಅಷ್ಟರಲ್ಲಿ ಕಲಬುರ್ಗಿಯ ಕಚೇರಿಯಿಂದ ಕಾಗದ ಬಂತು: ಮಾಸ್ತರಿಕೆಗೆ ಸನದು ತಂದು ತೋರಿಸಬೇಕು. ಕಣಜದಿಂದ ತೆಗೆದು ನೋಡಿದರೆ ನನ್ನ ಹೆಸರಿತ್ತು, ನಾನು ಪಾಸಾದದ್ದು ಇರಲಿಲ್ಲ.

ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಆಯಿ ಬಂದು ನೋಡಿ, ನಕ್ಕೂ ನಕ್ಕೂ ತಂಬಾಕು ನುಂಗಿಬಿಟ್ಟಳು.

"ನಿಮ್ಮ ಮನ್ಯಾಗ ಈಗ ಇಲಿನೂ ಬಿ.ಎ. ಆತಲ್ಲೋ! ನಡಿ, ಸಾಕ್ಷಿ ನಾ ಹೇಳ್ತೇನಿ. ಆದ್ರ ಬಂದ ಕೂಡ್ಲೆ ಅದೇ ಜಾಗಾದಾಗ ಜಾಲಿ ಹಚ್ಚಬೇಕು, ನೋಡು."

ಕಚೇರಿಯಲ್ಲಿ ಸಾಹೇಬರು ಆ ತುಂಡನ್ನು ಎತ್ತಿ ಹಿಡಿದು, "ಯೇ ಕ್ಯಾ ಹೈ?" ಎಂದರು.

"ಇಲಿ ಕಡದದ್ರಿ ಸಾಹೇಬ್ರ," ಎಂದಳು ಆಯಿ. "ಹುಡುಗ ಶಾಣ್ಯಾ ಇದ್ದಾನ್ರಿ, ಖರೇ. ಗೂಗಿ ಓಡಿಸಿದ್ದೊಂದೇ ತಪ್ಪು. ಅದು ಇವನ ಪುಸ್ತಕದಾಗ ಇರಲಿಲ್ಲ ಕಾಣ್ತದ."

ಸಾಹೇಬರಿಗೂ ಕನ್ನಡ ತಿಳಿಯುತ್ತಿತ್ತು. ನಗು ತಡೆಯಲಾಗದೆ ಕನ್ನಡಕ ತೆಗೆದು ಒರೆಸಿಕೊಂಡರು. ನಕಲು ತರಲು ಒಂದು ತಿಂಗಳು ಕೊಟ್ಟರು. ನಾನು ಮಾಸ್ತರನಾದೆ.

ಜಾಲಿ ನೆಟ್ಟೆ. ದಿನಾ ಬೆಳಿಗ್ಗೆ ಬದುವಿನಾಚೆಯಿಂದ ಕೂಗು ಬರುತ್ತಿತ್ತು: "ಲೇ ಬಿ.ಎ., ನೀರು ಹಾಕೀದೇನು?" ಆಯಿ ತೀರಿಕೊಂಡಾಗ ಗಿಡ ನನ್ನ ಸೊಂಟದಷ್ಟಿತ್ತು.

ಗೂಗೆ ಮರಳಿದ್ದು ಬಹಳ ವರ್ಷಗಳ ಮೇಲೆ. ಅದು ಮೊದಲ ಸಲ ಕೂಗಿದ ಸಂಜೆ ಮುದುಕನಾಗಿದ್ದ ಅಪ್ಪ ಗಾಬರಿಯಿಂದ ಹೊರಗೆ ಬಂದ. ಜಾಲಿಯನ್ನು ನೋಡಿದ, ನನ್ನ ಮುಖ ನೋಡಿದ. ಒಳಗೆ ಹೋಗಿ, ಕೊಡಲಿಯನ್ನು ಅಟ್ಟದ ಮೇಲೆ ಎತ್ತಿಟ್ಟ.