ಚಂದ್ರಿಕೆಗೆ ಸುತ್ತಿದ ತಂತಿ

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಚಂದ್ರಿಕೆ ಕೈಗೆ ಸಿಕ್ಕಿತು. ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ. ಒಣಗಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಇನ್ನೂ ಅದರಲ್ಲಿತ್ತು. ಅಂಚಿಗೆ ಸುತ್ತಿದ್ದ ತಾಮ್ರದ ತಂತಿ ಕಂಡಿದ್ದೇ, ಪಕ್ಕದ ಮನೆಯ ದೊಡ್ಡವ್ವ ನೆನಪಾದರು...

ಆಗ ಹೊಸದಾಗಿ ಬಂದಿದ್ದ ರೇಡಿಯೊ ಸ್ಟೇಷನ್ ಕನಕಪುರ ಪೇಟೆಯಲ್ಲೂ ಬಿಡದಿಯ ಫ್ಯಾಕ್ಟರಿ ಬಸ್ಸುಗಳಲ್ಲೂ ಹಾಡುತ್ತಿತ್ತು. ಉಯ್ಯಂಬಳ್ಳಿ ಕಡೆಯ ನಮ್ಮೂರಿಗೆ ಮಾತ್ರ ಗುಡ್ಡ ಅಡ್ಡ. ಆ ಸ್ಟೇಷನ್ನಿನವರು ದೊಡ್ಡವ್ವನನ್ನು ಕನಕಪುರಕ್ಕೆ ಕರೆಸಿ ಸೋಬಾನೆ ಪದ ರೆಕಾರ್ಡ್ ಮಾಡಿಕೊಂಡು ಹೋದರು. ಪ್ರಸಾರದ ದಿನ ಅವರ ಜಗಲಿ ತುಂಬ ಜನ. ಬಂದದ್ದು ಬರೀ ಗೊರಗೊರ.

"ನಿನ್ ಪದ ಗುಡ್ಡಕ್ಕೆ ಗುದ್ಕಂಡು ವಾಪಸ್ ಓಗ್ಬುಡ್ತೇನೋ ಅತ್ತಿಗೆ," ಎಂದ ಅವರ ಮೈದುನ. ಹಾಡಿದ್ದೇ ಸುಳ್ಳಿರಬೇಕೆಂಬ ಮಾತೂ ಆಮೇಲೆ ಹುಟ್ಟಿತು. ದೊಡ್ಡವ್ವನನ್ನು ಚುಚ್ಚಿದ್ದು ಅದು.

"ಕಾರ್ಡ್ ಬರಿ ಮಗ. ಪವರ್ ಒಸಿ ಏರ್ಸಿ, ನಮ್ಮೂರ್ಗೂ ಕೇಳ್ಬೇಕು ಅಂತ. ಕೇಳೋಗಂಟ ಬರಿ."

ಬರೆದೆ. ಉತ್ತರ ಬರಲಿಲ್ಲ, ಮತ್ತೆ ಬರೆಸಿದರು. ಸಂತೆಗೆ ಹೋದಾಗಲೆಲ್ಲ ಉಪ್ಪು, ಮೆಣಸಿನಕಾಯಿಯ ಜೊತೆಗೆ ಖಾಲಿ ಅಂಚೆಕಾರ್ಡೂ ತರುತ್ತಿದ್ದರು.

ಕೊನೆಗೆ ಉತ್ತರ ಬಂತು: ಪವರ್ ಹೆಚ್ಚಿಸುತ್ತೇವೆ, ಅದೇ ದಿನ ನಿಮ್ಮ ಪದ ಮತ್ತೆ ಹಾಕುತ್ತೇವೆ.

ಆ ಪ್ರಸಾರದ ದಿನವೇ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಾಗಿಬಿಟ್ಟಿತು. ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ರೋಗ ತಗುಲುತ್ತದೆ. ಹಣ್ಣಾದ ಹುಳು ಬಿಟ್ಟು ದೊಡ್ಡವ್ವ ಹೊರಬರುವಂತೆಯೂ ಇಲ್ಲ. ಜಗಲಿಯ ರೇಡಿಯೊದಲ್ಲಿ ಗೊರಗೊರದ ನಡುವೆ ಯಾರೋ ಮಾತಾಡಿದಂತೆ ಕೇಳಿ ಮಾಯವಾಗುತ್ತಿತ್ತು. ಅಂಥ ದಿನ ಯಾರೂ ಒಂದು ಚಂದ್ರಿಕೆಯನ್ನೂ ಬಿಟ್ಟುಕೊಡುವುದಿಲ್ಲ. ದೊಡ್ಡವ್ವ ಒಂದನ್ನು ಬಾಗಿಲಾಚೆ ನೂಕಿದರು.

"ಇದ್ಕೆ ತಂತಿ ಸುತ್ತಿ ಸೂರಿನ್ ಮ್ಯಾಲೆ ನಿಲ್ಸ್ರಲಾ."

ನಾನು ತಾಮ್ರದ ತಂತಿ ಸುತ್ತಿ, ಅದರ ತುದಿಯನ್ನು ರೇಡಿಯೊದ ಏರಿಯಲ್‌ಗೆ ಕಟ್ಟಿಕೊಟ್ಟೆ. ಹಂಗಿಸಿದ್ದ ಮೈದುನನೇ ಸೂರು ಹತ್ತಿದ. ಅತ್ತ ತಿರುಗಿಸಿ, ಇತ್ತ ತಿರುಗಿಸಿ... ಗುಡ್ಡದಾಚೆಯಿಂದ ದೊಡ್ಡವ್ವನ ದನಿ ಇಳಿದು ಬಂತು. ಕೈ ಅಲುಗಾಡಿದರೆ ಹಾಡು ಹೋದೀತೆಂದು ಪದ ಮುಗಿಯುವವರೆಗೆ ಅವನು ಬಿಸಿಲಲ್ಲಿ ಹಾಗೇ ಕೂತಿದ್ದ.

ಹುಳುಮನೆಯ ಕಿಟಕಿಯಲ್ಲಿ ದೊಡ್ಡವ್ವ ಕಂಡರು. ಅಂಗೈ ತುಂಬ ಹಣ್ಣಾದ ಹುಳು.

"ಪದದಲ್ಲಿ ಒಂದ್ ಸೊಲ್ಲು ಬುಟ್ಬುಟ್ಟಿವ್ನಿ ಕಣ್ ಮಗ. ನಾಳೀಕೆ ಇನ್ನೊಂದ್ ಕಾರ್ಡ್ ಬರಿ, ಮತ್ತೆ ಆಡ್ತೀನಿ ಅಂತ."

ಬರೆದೆ. ಸ್ಟೇಷನ್ನಿನಿಂದ ಕರೆ ಬರುವ ಹೊತ್ತಿಗೆ ದೊಡ್ಡವ್ವ ಇರಲಿಲ್ಲ. ಅವರ ಮನೆಗೆ ಪ್ಲಾಸ್ಟಿಕ್ ಚಂದ್ರಿಕೆ ಬಂದಾಗ ಇದೊಂದನ್ನು ನಾನು ಕೇಳಿ ತಂದಿಟ್ಟುಕೊಂಡೆ.

ಈಗ ಆ ಸ್ಟೇಷನ್ ಗುಡ್ಡದ ಮೂಲೆಮೂಲೆಗೂ ಕೇಳಿಸುತ್ತದೆ. ಬಿಟ್ಟುಹೋದ ಸೊಲ್ಲನ್ನು ದೊಡ್ಡವ್ವ ನನಗೆ ಕಲಿಸಿದ್ದರು. ತಂತಿಯ ಧೂಳು ಒರೆಸುತ್ತ ಹಾಡಿದೆ. ಸರಿಯಾಯಿತೇ ಎಂದು ಕೇಳಲು ಅವರಿಲ್ಲ...