ಅಧಿಕಮಾಸದ ಕೊನೆಯ ಬೆಳಕು

ಪ್ಯೋ ಮಾಲ್ಸುನ್ ಹಡಗುಗಳ ತುಕ್ಕು ಬಡಿಯುವವಳಾಗಿದ್ದಳು. ಬುಸಾನಿನ ಯಂಗ್ದೋ ದ್ವೀಪದ ದುರಸ್ತಿ ಕಟ್ಟೆಗಳಲ್ಲಿ, ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ತೂಗಾಡುತ್ತ ಕುಳಿತು, ಸುತ್ತಿಗೆಯಿಂದ ಕಬ್ಬಿಣವನ್ನು ಬಡಿದು ಬಡಿದು ಅರ್ಧ ಕಿವುಡಿಯಾಗಿದ್ದಳು. ಅವಳು ಗುಟ್ಟು ಹೇಳಿದರೂ ಇಡೀ ಕೇರಿಗೆ ಕೇಳಿಸುತ್ತಿತ್ತು. ಸಂಜೆ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತವರು. ಆದ್ದರಿಂದ ಅವಳ ಹಗೆಯ ಕಥೆಯನ್ನು ಬರೆಯುವ ಅಧಿಕಾರ ನನಗಿದೆ ಎಂದು ಭಾವಿಸುತ್ತೇನೆ.

ಅವಳ ಗಂಡ ತಾಕ್ ಚಿಲ್ಬೊಕ್ ಬೆಸುಗೆ ಕೆಲಸದವನು. ನಮ್ಮ ಬೆಟ್ಟದ ಕೇರಿಯಲ್ಲಿ ಮೀನು ಕೊಳ್ಳಲು ಹೋಗುವಾಗಲೂ ಇಸ್ತ್ರಿ ಮಾಡಿದ ಕೋಟು, ತಲೆಗೆ ಟೊಪ್ಪಿಗೆ ಧರಿಸುತ್ತಿದ್ದವನು ಅವನೊಬ್ಬನೇ. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ.

ಆ ಕಾಲಕ್ಕೆ ನಾಮ್‌ಗುಂಗ್ ಹ್ಯೋಕ್ ಎಂಬ ಫೋಟೋ ಮೇಷ್ಟ್ರು ನಮ್ಮ ಮೆಟ್ಟಿಲುಗಳನ್ನು ಹತ್ತಿ ಬರತೊಡಗಿದರು. ಬಂದರಿನ ಕ್ರೇನುಗಳು ಆಕಾಶಕ್ಕೆ ಗೀರು ಎಳೆದಂತೆ ನಿಂತಿರುವುದು, ಒಂದರ ಹೆಗಲ ಮೇಲೊಂದು ಕುಳಿತ ನಮ್ಮ ಮನೆಗಳು, ಕಡಲ ಮಂಜು, ಉದುರಿದ ಕೆಂಪು ಕಮೇಲಿಯಾ ಹೂಗಳು, ಒಣಮೀನು ಹರವುವ ಮುದುಕಿಯರು, ಎಲ್ಲವೂ ಅವರಿಗೆ ಬೇಕು. ಒಮ್ಮೆ ಮಾಲ್ಸುನ್ ಒಣಗಿದ ಬಟ್ಟೆಗಳನ್ನು ತೆಗೆದು ಮಡಿಸುತ್ತಿದ್ದಾಗ ಹೇಳಿದರು:

"ಅಮ್ಮಾ, ಮತ್ತೆ ಹಾಕಿ ಅವನ್ನ. ಬೆಳಕು ಸರಿಯಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಫೋಟೋ ತೆಗೀತೀನಿ."

"ನಿಮ್ಮನೆ ಬಟ್ಟೆ ತಂದು ಹಾಕ್ಕೊಳ್ಳಿ ಮೇಷ್ಟ್ರೇ, ನಮ್ಮ ಹಗ್ಗ ಗಟ್ಟಿಯಾಗಿದೆ" ಎಂದಳು. ಆಗ ಎಲ್ಲರೂ ನಕ್ಕಿದ್ದೆವು.

ಚಳಿಗಾಲದ ಒಂದು ಬೆಳಗ್ಗೆ ಚಿಲ್ಬೊಕ್ ಕೇರಿಯ ಶೌಚಾಲಯದ ಮುಂದೆ ಸರದಿಗೆ ಕಾಯುತ್ತ ಮೆಟ್ಟಿಲ ಮೇಲೆ ಕುಳಿತಿದ್ದ. ಮೈಮೇಲೆ ಮೊಣಕಾಲು ಜೋತುಬಿದ್ದ ಉದ್ದನೆಯ ಒಳಚಲ್ಲಣ, ಕೈಯಲ್ಲಿ ಕಾಗದದ ಸುರುಳಿ, ಬಾಯಿ ತುಂಬ ಆಕಳಿಕೆ. ಹಿಂದೆ ಇಡೀ ನಗರ, ಸೂರ್ಯೋದಯ. ಮೇಷ್ಟ್ರು ಹೇಳದೆ ಕೇಳದೆ ತೆಗೆದ ಆ ಚಿತ್ರಕ್ಕೆ ಬಹುಮಾನ ಬಂತು. ಅದನ್ನು ಆಳೆತ್ತರಕ್ಕೆ ಹಿಗ್ಗಿಸಿ ನೆಲದಡಿಯ ರೈಲು ನಿಲ್ದಾಣದ ಗೋಡೆಗೆ ಅಂಟಿಸಿದರು.

ಹಡಗುಕಟ್ಟೆಯ ಜೊತೆಗಾರರು ಬಿಟ್ಟಾರೆಯೇ? "ಏನಣ್ಣ, ಕೊನೆಗೂ ಸರದಿ ಬಂತಾ?" ಎಂದು ದಿನವೂ ಕೇಳುತ್ತಿದ್ದರು. ಚಿಲ್ಬೊಕ್ ರೈಲು ಹತ್ತುವುದನ್ನೇ ಬಿಟ್ಟ. ಹೆಂಡತಿಗೆ ಒಂದೇ ಮಾತು ಹೇಳಿದ:

"ಅಧಿಕಮಾಸ ಬರ್ಲಿ ಕಣೇ. ಕೋಟು ಹಾಕ್ಕೊಂಡು ಒಂದು ಒಳ್ಳೆ ಫೋಟೋ ತೆಗೆಸ್ತೀನಿ. ನಾನು ಸತ್ತಾಗ ಜನ ಅದನ್ನ ನೋಡ್ಲಿ, ಆ ಗೋಡೇದನ್ನ ಮರೀಲಿ."

ಶವವಸ್ತ್ರ ಹೊಲಿಸುವುದನ್ನೂ ಸಾವಿನ ಪೀಠದ ಮೇಲಿಡುವ ಫೋಟೋ ತೆಗೆಸುವುದನ್ನೂ ನಮ್ಮವರು ಅಧಿಕಮಾಸಕ್ಕೇ ಇಟ್ಟುಕೊಳ್ಳುತ್ತಾರೆ; ಆಗ ದೇವತೆಗಳ ಕಣ್ಣು ಬೇರೆ ಕಡೆ ಇರುತ್ತದೆ, ಸಾವನ್ನು ಕರೆದಂತಾಗುವುದಿಲ್ಲ. ಚಿಲ್ಬೊಕ್ ಕಾದ. ಅಧಿಕಮಾಸ ಬರುವ ಮೊದಲೇ ಅವನ ಎದೆಬಡಿತ ನಿಂತುಹೋಯಿತು.

ಮನೆಯಲ್ಲಿ ಅವನದೊಂದೂ ಫೋಟೋ ಇರಲಿಲ್ಲ. ಸತ್ತ ದಿನವೇ ಮಾಲ್ಸುನ್ ಮೇಷ್ಟ್ರ ಸ್ಟುಡಿಯೋಗೆ ಓಡಿದಳು; ನಾನೂ ಜೊತೆಗಿದ್ದೆ.

"ಅವತ್ತು ಪಟಪಟ ಅಂತ ಎಷ್ಟೊಂದು ಒತ್ತಿದ್ರಿ. ಬಾಯಿ ಮುಚ್ಚಿರೋದು ಒಂದಾದ್ರೂ ಇರುತ್ತೆ. ಬರೀ ಮುಖ ಸಾಕು, ಕತ್ತರಿಸಿ ಕೊಡಿ."

ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ. "ಅಮ್ಮಾ, ನಾನು ಮುಖ ತೆಗೆಯೋನಲ್ಲ, ಊರು ತೆಗೆಯೋನು. ಕತ್ತರಿಸಿದ್ರೆ ಚಿತ್ರ ಸತ್ತುಹೋಗುತ್ತೆ."

"ಸತ್ತಿರೋದು ನನ್ನ ಗಂಡ" ಎಂದಳು ಮಾಲ್ಸುನ್. ಅವರು ಕಂಪ್ಯೂಟರಿನ ಕಡೆ ತಿರುಗಿಕೊಂಡರು.

ಕೊನೆಗೆ ಗುರುತಿನ ಚೀಟಿಯ ಉಗುರಗಲದ ಚಿತ್ರವನ್ನೇ ಹಿಗ್ಗಿಸಿ ಕಪ್ಪು ಪಟ್ಟಿ ಕಟ್ಟಿದೆವು. ಮಂಜಿನಲ್ಲಿ ನಿಂತ ಹಡಗಿನಂತಿತ್ತು ಆ ಮುಖ. ಬಂದವರು ಪೀಠದ ಕಡೆ ನೋಡಿ, ಫೋಟೋ ನೋಡಿ, ಮತ್ತೆ ಹೆಸರು ಓದುತ್ತಿದ್ದರು. ಮಾಲ್ಸುನ್ ಅಳಲಿಲ್ಲ. ಅವಳ ದವಡೆ ಬಿಗಿದದ್ದನ್ನು ನಾನು ಕಂಡೆ. ಅದು ಮತ್ತೆ ಸಡಿಲಾಗಲಿಲ್ಲ.

ಮರುವರ್ಷ ಸಮಾಜ ಕಲ್ಯಾಣ ಕೇಂದ್ರದ ಸಂಜೆ ತರಗತಿಗೆ ಸೇರಿ ಫೋಟೋ ತೆಗೆಯುವುದನ್ನು ಕಲಿತಳು. ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊಂಡಳು. ನಗರ ಅವಳ ಚಿತ್ರಗಳಲ್ಲೂ ಇರುತ್ತಿತ್ತು, ಆದರೆ ಹಿಂದಿನ ಪರದೆಯಾಗಿ ಮಾತ್ರ. ಮನೆಯ ಮುಂದಿನ ಜಗಲಿಯ ಮೇಲೊಂದು ಕುರ್ಚಿ. ಅದರಲ್ಲಿ ಒಳ್ಳೆಯ ಬಟ್ಟೆ ತೊಟ್ಟ ಒಬ್ಬ ಮುದುಕ ಅಥವಾ ಮುದುಕಿ. ಅವರ ಹೆಗಲಾಚೆ ಮಸುಕಾಗಿ ಕ್ರೇನುಗಳು, ಸೇತುವೆ, ಕಡಲು. ಕೇರಿಯವರೆಲ್ಲ ಅಧಿಕಮಾಸದಲ್ಲಿ ಅವಳ ಕುರ್ಚಿಯಲ್ಲಿ ಕುಳಿತರು. ಕೆಳಗಿನ ಪೇಟೆಗಳವರೂ ಹತ್ತಿ ಬಂದರು. ಜನ ಹೊಗಳಿದರೆ ಅವಳು ಹೇಳುತ್ತಿದ್ದುದು ಇಷ್ಟೇ: "ಆ ಫೋಟೋ ಮೇಷ್ಟ್ರೂ ಬರ್ತಾನೆ. ಅವನ ಫೋಟೋ ತೆಗೆಯೋರು ಯಾರಿದಾರೆ?"

ಬಂದರು. ಹಲವು ವರ್ಷಗಳ ಮೇಲೆ, ಚೆರಿ ಹೂ ಉದುರುವ ಕಾಲದ ಒಂದು ಅಧಿಕಮಾಸದಲ್ಲಿ, ಅದರ ಕೊನೆಯ ದಿನ. ಕಾಯಿಲೆ ಅವರನ್ನು ಹಿಂಡಿತ್ತು. ಸೂಟು ಹೆಗಲಿನಿಂದ ಜಾರುತ್ತಿತ್ತು. ಮಗಳು ತೋಳು ಹಿಡಿದಿದ್ದಳು.

"ಇಡೀ ಊರಿನ ಫೋಟೋ ತೆಗೆದೆ. ನಂದು ಒಂದೂ ಇಲ್ಲ" ಎಂದರು ಮೇಷ್ಟ್ರು. "ನೀವು ತೆಗೆದ ಮುಖಗಳನ್ನ ನೋಡಿದೀನಿ. ನಿಮ್ಮ ಕೈಯಲ್ಲೇ ಆಗ್ಬೇಕು."

ಮಾಲ್ಸುನ್ ಒಳಗಿನಿಂದ ಗಂಡನ ಮಸುಕು ಚಿತ್ರ ತಂದು ಎದುರಿಗೆ ಹಿಡಿದಳು. "ಇವರು ಯಾರು ಹೇಳಿ."

ಅವರು ಬಹಳ ಹೊತ್ತು ನೋಡಿದರು. "ಗೊತ್ತಾಗ್ಲಿಲ್ಲ."

"ನಿಮಗೆ ಬಹುಮಾನ ತಂದವರು. ಸರದಿಗೆ ಕಾಯ್ತಿದ್ದವರು."

ಮೇಷ್ಟ್ರ ಮುಖದ ಬಣ್ಣ ಇಳಿಯಿತು. "ಓ" ಎಂದರು.

"ಅಲ್ಲಿ ಕೂತ್ಕೊಳ್ಳಿ." ಅವಳು ತೋರಿಸಿದ್ದು ಕುರ್ಚಿಯನ್ನಲ್ಲ, ಶೌಚಾಲಯದ ಮೆಟ್ಟಿಲನ್ನು. "ಕೋಟು ಬಿಚ್ಚಿ. ಪ್ಯಾಂಟೂ ಬಿಚ್ಚಿ. ಅವರಿದ್ದ ಹಾಗೇ."

ಮಗಳು ಕೂಗಿದಳು: "ಅಜ್ಜೀ, ಅಪ್ಪನಿಗೆ ಹುಷಾರಿಲ್ಲ! ಬನ್ನಿ ಅಪ್ಪ, ಹೋಗೋಣ."

"ಹೋಗ್ಬಹುದು. ದಾರಿ ಕೆಳಗಡೆಗಿದೆ."

ಮೇಷ್ಟ್ರು ಹೋಗಲಿಲ್ಲ. ಮಗಳ ಕೈಯನ್ನು ಸರಿಸಿ ಕೋಟು ಬಿಚ್ಚಿದರು, ಪ್ಯಾಂಟು ಬಿಚ್ಚಿದರು. ಚಳಿ ತಡೆಯದ ರೋಗಿ. ಒಳಗೆ ಉದ್ದನೆಯ ಒಳಚಲ್ಲಣವೇ ಇತ್ತು. ಮೆಟ್ಟಿಲ ಮೇಲೆ ಕುಳಿತರು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು.

"ಕೈಯಲ್ಲಿ ಸುರುಳಿ ಬೇಡ್ವೇನಕ್ಕಾ?" ಎಂದಳು ಒಣಮೀನಿನವಳು. ಯಾರೋ ಕಿಸಕ್ಕೆಂದರು. ನನಗೆ ನಗು ಬರಲಿಲ್ಲ, ಕನಿಕರವೂ ಬರಲಿಲ್ಲ.

ಮಾಲ್ಸುನ್ ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಅಲುಗಾಡಬೇಡಿ ಎಂದಳು. ಗಾಳಿ ಬೀಸಿತು, ಹೂವಿನ ಎಸಳುಗಳು ಆ ಬಿಳಿ ತಲೆಯ ಮೇಲೆ ಬಿದ್ದವು, ಹಿಂದೆ ಕ್ರೇನುಗಳು ಹೊಳೆದವು. ಅಂಥ ಬೆಳಕು ವರ್ಷಕ್ಕೊಮ್ಮೆ ಬರುತ್ತದೆ. ಮೇಷ್ಟ್ರಿಗೂ ಅದು ತಿಳಿಯಿತು. ಅವರು ತಮಗರಿವಿಲ್ಲದೆ ಗಲ್ಲವನ್ನು ಅದರ ಕಡೆ ಎತ್ತಿದರು.

ಅವಳು ಕ್ಯಾಮೆರಾ ಕೆಳಗಿಳಿಸಿ ಮುಚ್ಚಳ ಹಾಕಿದಳು.

"ಬೆಳಕು ಸರಿಯಿಲ್ಲ ಮೇಷ್ಟ್ರೇ. ನಾಳೆ ಬನ್ನಿ."

"ನಾಳೆಗೆ ಅಧಿಕಮಾಸ ಮುಗಿದುಹೋಗುತ್ತೆ."

"ನಮ್ಮನೆಯವರು ಅದಕ್ಕೇ ಕಾದಿದ್ರು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಳೆಗಾಲ ಕಳೆದ ಮೇಲೆ ಮೇಷ್ಟ್ರು ತೀರಿಕೊಂಡರು. ನಾವಿಬ್ಬರೂ ಹೋದೆವು. ಪೀಠದ ಮೇಲೆ ಬಿಳಿ ಸೇವಂತಿಗೆಗಳ ನಡುವೆ ಗುರುತಿನ ಚೀಟಿಯಿಂದ ಹಿಗ್ಗಿಸಿದ ಮುಖ. ಕಣ್ಣೆಲ್ಲಿ, ಮೂಗೆಲ್ಲಿ ಎಂದು ಹುಡುಕಬೇಕಿತ್ತು. ಮಾಲ್ಸುನ್ ಪದ್ಧತಿಯಂತೆ ಎರಡು ಬಾರಿ ಅಡ್ಡಬಿದ್ದಳು. ಎದ್ದು ನಿಂತು, ಒಂದು ಹಡಗಿನ ತುಕ್ಕೆಲ್ಲ ಉದುರಿತೇ ಎಂದು ಪರೀಕ್ಷಿಸುವವಳಂತೆ ಆ ಚಿತ್ರವನ್ನು ಅಂಚಿನಿಂದ ಅಂಚಿಗೆ ನೋಡಿದಳು.

ಆಮೇಲೆ ಊಟದ ಕೋಣೆಯಲ್ಲಿ ಕುಳಿತು, ಸಾವಿನ ಮನೆಯ ಖಾರದ ಮಾಂಸದ ಸಾರಿಗೆ ಅನ್ನ ಕಲಸಿ ಉಂಡಳು. ಬಡಿಸುವವಳನ್ನು ಕರೆದು, ಇನ್ನೊಂದು ಬಟ್ಟಲು ಕೇಳಿ ಅದನ್ನೂ ಮುಗಿಸಿದಳು.

"ಸಾರು ಚೆನ್ನಾಗಿತ್ತು" ಎಂದಳು ನನ್ನೊಡನೆ, ಗುಟ್ಟು ಹೇಳುವವಳಂತೆ. ಇಡೀ ಕೋಣೆಗೆ ಕೇಳಿಸಿತು.